ಕೊನೆಯ ಪುಟ ತಿನ್ನುವ ಇಲಿ

ನಮ್ಮ ಚಿಕ್ಕಪ್ಪನಷ್ಟು ಗೂಢಚಾರರ ಸಿನಿಮಾ ನೋಡಿದವರು ಇಡೀ ಹೊಳಲ್ಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಒಂದನ್ನೂ ಆತ ಪೂರ್ತಿ ನೋಡಿಲ್ಲ! ಹೀಗೆಂದರೆ ನೀವು ನಗುತ್ತೀರಿ. ನಾನೂ ಮೊದಮೊದಲು ನಗುತ್ತಿದ್ದೆ. ಈಗ ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕು ಅನ್ನಿಸುವ ವಯಸ್ಸಿಗೆ ಬಂದಿದ್ದೇನೆ. ದಿನವಿಡೀ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ, ಗಂಟಲು ಕಟ್ಟಿಸಿಕೊಂಡು, ದುರ್ಗದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಚಿಕ್ಕಪ್ಪನ ಫೋನು ಬರುತ್ತದೆ.

"ಲೈನು ಕ್ಲಿಯರ್ ಐತೇನ್ಲೇ?"

ನಾನು "ಐತೆ" ಅನ್ನಬೇಕು. ಅನ್ನದಿದ್ದರೆ ಫೋನು ಇಡುತ್ತಾನೆ, ಮತ್ತೆ ಮಾಡುತ್ತಾನೆ, ಮತ್ತೆ ಅದನ್ನೇ ಕೇಳುತ್ತಾನೆ. "ಐತೆ" ಅಂದರೆ ದನಿ ತಗ್ಗಿಸಿ ಅಸಲು ವಿಷಯಕ್ಕೆ ಬರುತ್ತಾನೆ. ಆ ಘನವಾದ ರಹಸ್ಯ ಏನೆಂದುಕೊಂಡಿರಿ? "ಭಾನ್ವಾರ ಬರ್ತಾ ಒಂದು ಪೌಂಡು ಬ್ರೆಡ್ಡು ತಗಂಬಾ." ಇಂಥವರ ಅಣ್ಣನ ಮಗನಾಗಿ ಹುಟ್ಟಿದವನಿಗೆ ಸುಸ್ತಾಗದೆ ಇನ್ನೇನಾಗುತ್ತದೆ?

ಚಿಕ್ಕಪ್ಪನ ಊರು ತಾಳ್ಯದ ಹತ್ತಿರ. ಒಂದು ಹಟ್ಟಿ ಕುರಿ, ಒಂದಿಷ್ಟು ಖುಷ್ಕಿ ಹೊಲ, ಒಬ್ಬಳು ಹೆಂಡತಿ. ಮಕ್ಕಳಿಲ್ಲ, ಆ ಜಾಗವನ್ನು ನನ್ನಂಥವರು ತುಂಬಿದ್ದೇವೆ. ಆತನ ಪ್ರಾಯದಲ್ಲಿ ದುರ್ಗದ ಟಾಕೀಸಿಗೆ ಹಳೆಯ ಇಂಗ್ಲಿಷ್ ಗೂಢಚಾರಿ ಚಿತ್ರಗಳು ಬರುತ್ತಿದ್ದವು. ಉಣ್ಣೆ ಮಾರುವ ನೆಪ ಮಾಡಿಕೊಂಡು ದುರ್ಗಕ್ಕೆ ಬರುವುದು, ಉಣ್ಣೆಯನ್ನು ಬಂದ ರೇಟಿಗೆ ಬಿಸಾಕಿ ಮ್ಯಾಟಿನಿಗೆ ನುಗ್ಗುವುದು. ಸಿನಿಮಾ ಮುಗಿಯುವುದು ಆರೂಕಾಲಿಗೆ. ತಾಳ್ಯದ ಕಡೆಗೆ ಕೊನೆಯ ಬಸ್ಸು ಹೊರಡುವುದು ಆರಕ್ಕೆ. ಹೀಗಾಗಿ ನಾಯಕ ಶತ್ರುವಿನ ಕೋಟೆಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಟಾಕೀಸಿನಿಂದ ಹೊರಗೆ ನುಗ್ಗುತ್ತಿದ್ದ. ಜಗತ್ತು ಉಳಿಯಿತೋ ಬಿಟ್ಟಿತೋ, ಬಸ್ಸಂತೂ ತಪ್ಪಲಿಲ್ಲ.

"ಇಂಗ್ಲಿಷು ಹೆಂಗೆ ಅರ್ಥ ಆಗ್ತಿತ್ತು?" ಎಂದು ಒಮ್ಮೆ ಕೇಳಿದೆ.

"ಅವ್ರು ಮಾತಾಡೋದೆಲ್ಲ ಸುಳ್ಳು ಕಣ್ಲೇ. ಸುಳ್ಳು ಅರ್ಥ ಮಾಡ್ಕಂಡು ಏನಾಗ್ಬೇಕು? ಕಣ್ಣು ನೋಡ್ಬೇಕು."

ಕೊನೆ ನೋಡದಿದ್ದರೂ ಕೊನೆ ಹೇಳುವುದನ್ನು ಮಾತ್ರ ಬಿಟ್ಟವನಲ್ಲ. ಬಸ್ಸು ಹೊಳಲ್ಕೆರೆ ಮುಟ್ಟುವುದರೊಳಗೆ ಒಂದು ಕ್ಲೈಮ್ಯಾಕ್ಸು ಕಟ್ಟಿ, ಊರಿನ ಕಟ್ಟೆಯ ಮೇಲೆ ಕೂತವರಿಗೆ ಬಿಡಿಬಿಡಿಯಾಗಿ ಬಡಿಸುತ್ತಿದ್ದ. ಆತನ ಕ್ಲೈಮ್ಯಾಕ್ಸುಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಖಳನಾಯಕ ಕೂಡ ತಪ್ಪಾಯಿತೆಂದು ಒಪ್ಪಿಕೊಂಡು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದ. "ಇಂಗ್ಲೆಂಡಿನಾಗೂ ಮುದ್ದೆ ಮಾಡ್ತಾರೇನಪ್ಪ?" ಎಂದು ಯಾರೋ ಕೇಳಿದ್ದಕ್ಕೆ, "ಖುಷಿ ಆದಾಗ ಮಾಡ್ತಾರೆ" ಅಂದನಂತೆ.

ಸಿನಿಮಾದ ಕೊನೆ ಕೈಗೆ ಸಿಗದಿದ್ದರೆ ಅದರ ಹಿಂದಿನ ಕಾದಂಬರಿಯಲ್ಲಾದರೂ ಸಿಗಬೇಕಲ್ಲ ಎಂದು ಆತನಿಗೆ ಹೊಳೆದದ್ದು ಆಮೇಲೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಗೂಡಂಗಡಿಯಿತ್ತು. ಆ ಸಿನಿಮಾಗಳ ಮೂಲ ಕಾದಂಬರಿಗಳು ಕನ್ನಡದ ಬಟ್ಟೆ ತೊಟ್ಟುಕೊಂಡು, ಅಂಗೈಯಗಲದ ಪುಸ್ತಕಗಳಾಗಿ ಅಲ್ಲಿ ದಾರಕ್ಕೆ ನೇತುಬಿದ್ದಿರುತ್ತಿದ್ದವು. ಚಿಕ್ಕಪ್ಪ ಒಂದೊಂದನ್ನೇ ತಂದು, ಮನೆಯ ಗೋಡೆಯ ಮಾಡದಲ್ಲಿಟ್ಟು, ಕುರಿ ಮೇಯಿಸಲು ಹೋಗುವಾಗ ಕಂಬಳಿಯೊಳಗೆ ಸಿಕ್ಕಿಸಿಕೊಂಡು ಹೋಗಿ ನಿಧಾನವಾಗಿ ಓದುತ್ತಿದ್ದ. ಹಣೆಬರಹ ನೋಡಿ, ಅಲ್ಲೂ ಅರ್ಧಕ್ಕರ್ಧ ಪುಸ್ತಕಗಳಿಗೆ ಕೊನೆಯ ಪುಟವೇ ಇರುತ್ತಿರಲಿಲ್ಲ! ಅಂಗಡಿಯವನು "ಕೊಟ್ಟಾಗ ಇತ್ತು" ಅನ್ನುವುದು, ಚಿಕ್ಕಪ್ಪ "ತಂದಾಗ್ಲೇ ಇರ್ಲಿಲ್ಲ" ಅನ್ನುವುದು. ಕೊನೆಗೆ ಇಬ್ಬರೂ ಸೇರಿ ತಪ್ಪನ್ನು ಇಲಿಯ ತಲೆಗೆ ಕಟ್ಟಿದರು. ಅದೆಂಥ ಇಲಿಯೋ! ಮುಖಪುಟ ಮುಟ್ಟುವುದಿಲ್ಲ, ನಡುವಿನ ಹಾಳೆ ಮುಟ್ಟುವುದಿಲ್ಲ, ನೇರವಾಗಿ ಕೊನೆಯ ಪುಟಕ್ಕೇ ಬಾಯಿ ಹಾಕುತ್ತದೆ.

ಇದರಿಂದ ಚಿಕ್ಕಪ್ಪನಿಗೆ ಒಂದು ಸಿದ್ಧಾಂತವೂ ಲಭಿಸಿತು. ಕೊನೆಯ ಪುಟ ಉಳಿದಿದ್ದ ಕಾದಂಬರಿಗಳಲ್ಲೆಲ್ಲ ನಾಯಕ ಬದುಕುತ್ತಿದ್ದ, ನಾಯಕಿಯೂ ಬದುಕುತ್ತಿದ್ದಳು. ಆದ್ದರಿಂದ ಕೊನೆಯ ಪುಟ ಇಲ್ಲದವುಗಳಲ್ಲೂ ಅವರು ಬದುಕಿಯೇ ಇರುತ್ತಾರೆ. "ಇದು ಗಣಿತ ಕಣ್ಲೇ, ನೀನೇ ಮೇಷ್ಟ್ರು, ತಪ್ಪಿದ್ರೆ ಹೇಳು" ಅನ್ನುತ್ತಿದ್ದ. ತಪ್ಪೆಲ್ಲಿದೆ ಎಂದು ನನಗೂ ತಿಳಿಯುತ್ತಿರಲಿಲ್ಲ.

ಹಾಗೆಂದು ಆತನ ರಸಿಕತೆ ಬರೀ ಹುಡುಗಾಟಿಕೆಯದಲ್ಲ. ಈಗಿನ ಗೂಢಚಾರಿ ಸಿನಿಮಾ ಹಾಕಿ ತೋರಿಸಿದರೆ ಆತನಿಗೆ ಹಿಡಿಸುವುದಿಲ್ಲ. ಹೆಲಿಕಾಪ್ಟರಿನಿಂದ ಹಾರಿ, ಕಾರಿನ ಮೇಲೆ ಬಿದ್ದು, ಎದ್ದು, ಕೋಟಿನ ಧೂಳು ಕೊಡವಿಕೊಳ್ಳುವ ನಾಯಕನನ್ನು ನೋಡಿ, "ಇಸ್ತ್ರಿ ಕೆಡದೇ ಇರೋನು ಗೂಢಚಾರ ಅಲ್ಲ, ಹೆಣ್ಣು ನೋಡಾಕೆ ಬಂದೋನು" ಅಂದಿದ್ದ. ಆತನ ಪ್ರಕಾರ ಗೂಢಚಾರ ಅಂದರೆ ಸುಸ್ತಾದ ಮನುಷ್ಯ. ಮಳೆಯಲ್ಲಿ ಒಂದು ಮೂಲೆಯಲ್ಲಿ ನಿಂತು, ಯಾರದೋ ಕಿಟಕಿಯ ದೀಪ ಆರುವುದನ್ನು ಕಾಯುವವನು. ಯಾರಿಗೂ ಹೇಳುವಂತಿಲ್ಲ, ಹೆಂಡತಿಗೂ ಹೇಳುವಂತಿಲ್ಲ, ಕಾಲು ನೋಯುತ್ತದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಅದನ್ನು ತೋರಿಸುತ್ತಿದ್ದರಂತೆ. ಕಾದಂಬರಿಗಳಲ್ಲಂತೂ ಪುಟಗಟ್ಟಲೆ ಕಾಯುವುದೇ. "ಕುರಿ ಕಾಯೋನಿಗೆ ಅದು ಗೊತ್ತಾಗ್ತೈತೆ, ನಿಂಗೆ ಗೊತ್ತಾಗಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಪೇಪರು ತಿದ್ದುತ್ತಾ ಕೂತಾಗ ನನಗೂ ಅಲ್ಪಸ್ವಲ್ಪ ಗೊತ್ತಾಗುತ್ತದೆ ಎಂದು ಹೇಳಲು ಹೋಗಲಿಲ್ಲ.

ನೋಡಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕಲಿತದ್ದನ್ನು ಪ್ರಯೋಗಕ್ಕೂ ಇಳಿಸುತ್ತಿದ್ದನಲ್ಲ, ಅದು ನಮ್ಮ ಕರ್ಮ. ಒಮ್ಮೆ ಮನೆಮಂದಿಯೆಲ್ಲ ಚಂದ್ರವಳ್ಳಿಗೆ ಹೊರಟೆವು. ಗೂಢಚಾರರು ದಾಖಲೆಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲವಂತೆ. ಒಂದು ಕಡೆ ಅಡಗಿಸಿಟ್ಟು ಹೋಗುತ್ತಾರೆ, ಇನ್ನೊಬ್ಬರು ಬಂದು ಒಯ್ಯುತ್ತಾರೆ. ಆ ಪ್ರಕಾರ ಚಿಕ್ಕಪ್ಪ ಬೆಳಿಗ್ಗೆಯೇ ಹೋಗಿ ನಮ್ಮೆಲ್ಲರ ಬುತ್ತಿಗಂಟನ್ನು ಗುಹೆಯ ಹತ್ತಿರ ಒಂದು ಬಂಡೆಯ ಸಂದಿನಲ್ಲಿ ಅಡಗಿಸಿ ಬಂದಿದ್ದ. ಮಧ್ಯಾಹ್ನ ಹಸಿದು ಹೋಗಿ ನೋಡಿದರೆ, ಬಂಡೆಯ ಮೇಲೆ ಸಾಲಾಗಿ ಕೋತಿಗಳು ಕೂತು ನಮ್ಮ ರೊಟ್ಟಿ ಮುರಿಯುತ್ತಿದ್ದವು. ಒಂದಂತೂ ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಿತ್ತು. ಚಿಕ್ಕಪ್ಪ ಬಹಳ ಹೊತ್ತು ನೋಡಿ, "ನಮ್ಮೊಳಗೇ ಯಾರೋ ಸುದ್ದಿ ಕೊಟ್ಟಾರೆ" ಅಂದ.

ಇನ್ನೊಮ್ಮೆ ಹಿರಿಯೂರಿನ ಬಸ್ಸಿನಲ್ಲಿ ಕೂತು ಆದಿವಾಲದ ನೆಂಟನಿಗೆ ಫೋನು ಮಾಡಿದ್ದಾನೆ. ಫೋನಿನಲ್ಲಿ ಸಂಕೇತದಲ್ಲೇ ಮಾತಾಡಬೇಕೆಂಬುದು ಆತನ ವ್ರತ. "ಮಾಲು ಕೈಗೆ ಬಂದೈತೆ. ಎರಡು ಗಂಡು, ಒಂದು ಹೆಣ್ಣು. ಗಲಾಟೆ ಮಾಡ್ಬಾರ್ದು ಅಂತ ಕಾಲು ಕಟ್ಟೀವಿ. ಊರ ಹೊರಗೆ ಕೈ ಬದಲಾಯ್ಸಾಣ" ಎಂದಿದ್ದಾನೆ. ಹಿಂದಿನ ಸೀಟಿನ ಹೆಂಗಸು ಬೆವೆತುಹೋಗಿ ಕಂಡಕ್ಟರಿಗೆ ಹೇಳಿ, ಕಂಡಕ್ಟರು ಬಸ್ ಸ್ಟ್ಯಾಂಡಿನಲ್ಲಿ ಪೊಲೀಸಿನವರಿಗೆ ಹೇಳಿ, ನಾನು ಶಾಲೆಗೆ ರಜಾ ಹಾಕಿ ಓಡಬೇಕಾಯಿತು.

"ಕುರಿ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಜ್ಜ ನಿಂಗೆ?" ಎಂದು ಪೊಲೀಸಿನವರು ತಲೆ ಚಚ್ಚಿಕೊಂಡರು.

"ಕುರಿ ಅಂದ್ರೆ ಎಲ್ರಿಗೂ ಗೊತ್ತಾಗ್ತೈತಲ್ರಿ ಸಾರ್" ಅಂದ ಚಿಕ್ಕಪ್ಪ.

ನನ್ನ ಮದುವೆಯ ಕಥೆಯೂ ಇದೇ. ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆಯ ನಡತೆ ನೋಡಿಕೊಂಡು ಬರುತ್ತೇನೆಂದು ಚಿಕ್ಕಪ್ಪ ಹೊರಟ. ವೇಷ ಮರೆಸಿಕೊಳ್ಳಲು ಕಂಬಳಿ ಕೊಪ್ಪೆ ಹಾಕಿಕೊಂಡು, ಸುಡುಸುಡು ಬೇಸಿಗೆಯ ನಡುಮಧ್ಯಾಹ್ನ ಆ ಮನುಷ್ಯನ ಹಿಂದೆಯೇ ಹೊಸದುರ್ಗದ ಬೀದಿಗಳಲ್ಲಿ ಸುತ್ತಿದ. ಆ ಬಿಸಿಲಿನಲ್ಲಿ ಕಂಬಳಿ ಹೊದ್ದವನನ್ನು ಊರೆಲ್ಲ ನೋಡುತ್ತಿತ್ತು, ನಾಯಿಗಳೂ ನೋಡುತ್ತಿದ್ದವು. ಒಂದು ಹೋಟೆಲಿನ ಮುಂದೆ ಆ ಮನುಷ್ಯ ನಿಂತು, ತಿರುಗಿ, "ಎಷ್ಟೊತ್ತು ಅಂತ ಹಿಂದೆ ಬರ್ತೀರಿ ಯಜಮಾನ್ರೇ, ಬರ್ರಿ, ಕುಂತ್ಕಳ್ರಿ, ಟೀ ಕುಡಿಯಾಣ" ಅಂದರು. ಚಿಕ್ಕಪ್ಪ ಊರಿಗೆ ಬಂದು, "ಒಳ್ಳೆ ಜನ, ಕಣ್ಣು ಬಾಳ ಚುರುಕು" ಎಂದು ವರದಿ ಒಪ್ಪಿಸಿದ. ಅವರೇ ನನ್ನ ಮಾವ. ಇಂದಿಗೂ ಹಬ್ಬಕ್ಕೆ ಹೋದರೆ, "ಕಂಬಳಿಯವರು ಆರಾಮೇನ್ರಿ?" ಎಂದೇ ಕೇಳುತ್ತಾರೆ.

ಮದುವೆಯಾದರೆ ಹುಚ್ಚು ಬಿಡುತ್ತದೆ ಅನ್ನುತ್ತಾರಲ್ಲ, ಚಿಕ್ಕಪ್ಪನಿಗೆ ಹಿಡಿದದ್ದೇ ಮದುವೆಯಿಂದ. ಹೊಸದಾಗಿ ಮದುವೆಯಾದಾಗ ಚಿಕ್ಕಮ್ಮನನ್ನು ದುರ್ಗಕ್ಕೆ ಕರೆತಂದು ಒಂದು ಗೂಢಚಾರಿ ಸಿನಿಮಾ ತೋರಿಸಿದ್ದ. ಆತನಿಗೂ ಅದೇ ಮೊದಲನೆಯದು. ಎರಡು ದೇಶಗಳ ಗಡಿಯಲ್ಲಿ ಒಂದು ರೈಲ್ವೆ ಗೇಟು. ಒಬ್ಬಳು ದರ್ಜಿ ಹುಡುಗಿ, ಕೋಟಿನ ಒಳಮಡಿಕೆಯಲ್ಲಿ ಗುಟ್ಟಿನ ಸುದ್ದಿ ಹೊಲಿದುಕೊಂಡು, ಛತ್ರಿ ಹಿಡಿದು ಆ ಗೇಟಿನ ಕಡೆಗೆ ನಡೆಯುತ್ತಾಳೆ. ಆ ಕಡೆ ಗೂಢಚಾರ ಕಾದು ನಿಂತಿದ್ದಾನೆ. ಗೇಟು ಕೆಳಗೆ ಇಳಿಯತೊಡಗುತ್ತದೆ. ಅಷ್ಟರಲ್ಲಿ ಆರು ಗಂಟೆ ಆಗುತ್ತಾ ಬಂತು! ಬಸ್ಸು ತಪ್ಪಿದರೆ ಅತ್ತೆ ಮನೆಗೆ ಸೇರಿಸುವುದಿಲ್ಲವೆಂದು ಹೊಸ ಸೊಸೆಗೆ ಜೀವ ಪುಕಪುಕ. ಇಬ್ಬರೂ ಎದ್ದು ಓಡಿದರು. ಬಸ್ಸಿನಲ್ಲಿ ಕೂತ ಮೇಲೆ ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಾ, "ಆ ಹುಡುಗಿ ಏನಾದ್ಲು?" ಎಂದು ಕೇಳಿದಳಂತೆ. ಚಿಕ್ಕಪ್ಪ ಒಂದು ಕ್ಷಣವೂ ತಡಮಾಡದೆ, "ದಾಟಿದ್ಲು" ಅಂದನಂತೆ. "ನಿಮಗೆ ಹೆಂಗೆ ಗೊತ್ತು?" ಅಂದರೆ, "ನಂಗೊತ್ತೈತೆ" ಅಂದನಂತೆ. ಆ ಒಂದು ಮಾತನ್ನು ಉಳಿಸಿಕೊಳ್ಳಲಿಕ್ಕೇ ಆಮೇಲಿನ ಸಿನಿಮಾಗಳು, ಕಾದಂಬರಿಗಳು, ಸಿದ್ಧಾಂತ, ಎಲ್ಲ.

ಈ ವರ್ಷ ಚಿಕ್ಕಮ್ಮನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರತೊಡಗಿತು. ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ತಿಳಿಯುವ ಹಾಗೆ ಹೇಳಿದರು. "ಹೃದಯದಾಗೆ ಗೇಟು ಇರ್ತಾವಜ್ಜ. ಇವ್ರದ್ದು ಒಂದು ಗೇಟು ಸರಿಯಾಗಿ ತೆರ್ಕಳ್ತಿಲ್ಲ. ರಕ್ತ ದಾಟೋದು ಕಷ್ಟ ಆಗೈತೆ. ಆಪರೇಷನ್ ಮಾಡಿ ಬೇರೆ ಗೇಟು ಹಾಕ್ಬೇಕು." ಗೇಟು ಎಂಬ ಮಾತು ಕೇಳಿದ್ದೇ ಚಿಕ್ಕಪ್ಪನ ಮುಖ ಬಿಳುಚಿಕೊಂಡಿತು. ಬರುವಾಗ ದಾರಿಯುದ್ದಕ್ಕೂ ಒಂದು ಮಾತಿಲ್ಲ, ಒಂದು ಸಂಕೇತವೂ ಇಲ್ಲ. ಆತ ಸುಮ್ಮನಿದ್ದರೆ ನಮಗೆ ಇನ್ನೂ ಸುಸ್ತು ಎಂದು ಆವತ್ತು ಗೊತ್ತಾಯಿತು.

ಆಪರೇಷನ್ನಿನ ದಿನ ಗೊತ್ತಾದ ಮೇಲೆ ಚಿಕ್ಕಮ್ಮ ನನ್ನನ್ನು ಕರೆದು, "ಹೋಗೋಕೆ ಮುಂಚೆ ಆ ಗೇಟಿನ ಸಿನಿಮಾ ಒಂದ್ಸಲ ನೋಡ್ಬೇಕು ಕಣಪ್ಪ. ಈಗ ಎಲ್ಲಾ ಫೋನ್ನಾಗೇ ಸಿಗ್ತಾವಂತಲ್ಲ" ಅಂದಳು. ಅದಾಗಿ ಐದು ನಿಮಿಷಕ್ಕೆ ಚಿಕ್ಕಪ್ಪ ನನ್ನನ್ನು ಕುರಿಹಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದ.

"ಸಿಗಲ್ಲ ಅಂತ ಹೇಳು."

"ಯಾಕೆ?"

"ಆ ಹುಡುಗಿ ದಾಟಿದ್ಲೋ ಇಲ್ವೋ ನಂಗೇ ಗೊತ್ತಿಲ್ಲ ಕಣ್ಲೇ. ಆ ಪುಸ್ತಕದ ಕೊನೇ ಪುಟಾನೂ ಇಲಿ ತಿಂದಿತ್ತು. ಮದ್ವೆ ಆದಾಗಿಂದ ದಾಟಿದ್ಲು ದಾಟಿದ್ಲು ಅಂತ ಹೇಳ್ಕಂಡು ಬಂದೀನಿ. ಈಗ ದಾಟ್ಲಿಲ್ಲ ಅಂತ ಕಂಡ್ರೆ? ಎದೆ ಕೊಯ್ಸಿಕೊಳ್ಳೋಕೆ ಹೊಂಟಾಳೆ, ಅವಳ ಧೈರ್ಯ ಏನಾಗ್ಬೇಕು?"

"ನಿನ್ನ ಗಣಿತ ಏನಾತು?"

"ಗಣಿತ ಬ್ಯಾರೆಯವ್ರಿಗೆ" ಅಂದ. ನಗುವಂತಿತ್ತು, ನಗು ಬರಲಿಲ್ಲ.

ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು. ಸಿಗಲಿಲ್ಲ ಎಂದರೆ ಚಿಕ್ಕಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ, ಸಿಕ್ಕಿತು ಎಂದರೆ ಚಿಕ್ಕಪ್ಪ ಕುಸಿಯುತ್ತಾನೆ. ಸಿಗದೇ ಹೋಗಲಿ ದೇವರೇ ಎಂದುಕೊಂಡು ಹುಡುಕಿದರೆ, ದರಿದ್ರದ್ದು ಮೊದಲ ಸಲಕ್ಕೇ ಸಿಕ್ಕಿತು. ಕಷ್ಟಪಟ್ಟು ಹುಡುಕಿದ್ದು ಯಾವತ್ತಾದರೂ ಹಾಗೆ ಸಿಕ್ಕಿದೆಯೇ?

ಭಾನುವಾರ ಮಧ್ಯಾಹ್ನ ಅವರ ಮನೆಯ ಟೀವಿಗೆ ಫೋನು ಜೋಡಿಸಿದೆ. ರಿಮೋಟು ಕಾಣೆ! ಚಿಕ್ಕಪ್ಪ ಮುಗ್ಧನಂತೆ ಸೂರು ನೋಡುತ್ತಾ ಕೂತಿದ್ದ. ಚಿಕ್ಕಮ್ಮ ನಿಧಾನವಾಗಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ರಾಗಿ ಡಬ್ಬಿಯೊಳಗೆ ಕೈಯಿಟ್ಟು, ರಿಮೋಟು ತೆಗೆದು, ಸೆರಗಿನಿಂದ ಒರೆಸಿ ತಂದಳು. ಗೂಢಚಾರನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯದೇ?

ಸಿನಿಮಾ ಶುರುವಾಯಿತು. ಚಿಕ್ಕಪ್ಪ ಕೂರಲಾರ, ನಿಲ್ಲಲಾರ. ಹೊಸ್ತಿಲಿಗೆ ಹೋಗಿ, "ಮಳೆ ಬರಂಗೈತೆ, ಕರೆಂಟು ಹೋಗ್ತೈತೆ" ಅಂದ. ಆಕಾಶದಲ್ಲಿ ಒಂದು ಅಂಗೈಯಷ್ಟೂ ಮೋಡವಿರಲಿಲ್ಲ. ಚಿಕ್ಕಮ್ಮ ಮಾತ್ರ ಚಾಪೆಯ ಮೇಲೆ ಗೋಡೆಗೊರಗಿ, ತೆರೆಯಿಂದ ಕಣ್ಣು ಕೀಳದೆ ಕೂತಿದ್ದಳು. ನಡುನಡುವೆ ತನ್ನಷ್ಟಕ್ಕೇ ನಗುತ್ತಿದ್ದಳು. "ಇಲ್ಲಿ ನೀವು ಶೇಂಗಾ ಕೊಟ್ಟಿದ್ರಿ, ಅಲ್ವೇನ್ರಿ?" ಅಂದಳು ಒಮ್ಮೆ. ಚಿಕ್ಕಪ್ಪ ಹೂಂಗುಟ್ಟಿದ.

ಕೊನೆಗೂ ಆ ರೈಲ್ವೆ ಗೇಟು ಬಂತು. ಹುಡುಗಿ ಛತ್ರಿ ಹಿಡಿದು ನಡೆಯುತ್ತಿದ್ದಾಳೆ. ಆ ಕಡೆ ಸುಸ್ತಾದ ಆ ಮನುಷ್ಯ ನಿಂತಿದ್ದಾನೆ. ಚಿಕ್ಕಪ್ಪ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಗೇಟು ಕೆಳಗಿಳಿಯತೊಡಗಿತು.

"ಏಳ್ರಿ, ಬಸ್ ಹೋಗ್ತೈತೆ" ಅಂದಳು ಚಿಕ್ಕಮ್ಮ. ರಿಮೋಟು ಒತ್ತಿದಳು. ಟೀವಿ ಆರಿತು.

ನಾನೊಬ್ಬ ಪೆದ್ದ, "ಇನ್ನೂ ಐತೆ ಚಿಕ್ಕಮ್ಮ, ಕೊನೆ ಈಗ ಬರ್ತೈತೆ" ಅಂದೆ.

"ಆರರ ಬಸ್ಸು ಕಾಯಲ್ಲ ಕಣಪ್ಪ."

"ಮತ್ತೆ ಆ ಹುಡುಗಿ?"

"ದಾಟಿದ್ಲು. ಇವ್ರು ಆವತ್ತೇ ಹೇಳಿದ್ರಲ್ಲ."

ಚಿಕ್ಕಪ್ಪ ಕುರಿಗಳಿಗೆ ನೀರು ಕುಡಿಸುತ್ತೇನೆಂದು ಬಕೆಟ್ಟು ಹಿಡಿದು ಹೊರಟವನು ಹಟ್ಟಿ ಬಿಟ್ಟು ಬೇರೆ ದಿಕ್ಕಿಗೆ ನಡೆದ.

ಆತ ಮರೆಯಾದ ಮೇಲೆ ಚಿಕ್ಕಮ್ಮ ನನ್ನತ್ತ ತಿರುಗಿದಳು. "ನಂಗೆ ಕೊನೆ ಬೇಕಾಗಿರ್ಲಿಲ್ಲ ಕಣಪ್ಪ. ಆವತ್ತು ಇವ್ರ ಪಕ್ಕ ಕುಂತು ಎಷ್ಟು ನೋಡಿದ್ನೋ ಅಷ್ಟು ಬೇಕಿತ್ತು. ಕೊನೆ ನಂಗೆ ಅವಾಗ್ಲೇ ಗೊತ್ತು."

"ಹೆಂಗೆ?"

"ಇವ್ರು ಆ ಪುಸ್ತಕ ತಂದು ಮಾಡದಾಗೆ ಇಟ್ಟಿದ್ರು. ನಾನೂ ಏಳ್ನೇ ಕ್ಲಾಸು ಓದಿದೋಳಲ್ವೇ? ಇವ್ರು ಮುಗ್ಸೋಕೆ ಮುಂಚೆ ನಾನು ಓದ್ದೆ. ಗೇಟು ಬಿತ್ತು, ಆ ಹುಡುಗಿ ಈ ಕಡೇನೇ ಉಳಿದ್ಲು. ಹೊಡೆದು ಹಾಕಿದ್ರು. ಇವ್ರು ಅದನ್ನ ಓದಿದ್ರೆ ನನ್ನ ಮುಖ ಹೆಂಗೆ ನೋಡೋರು? ಹಾಳೆ ಹರಿದು ಒಲೆಗೆ ಹಾಕ್ದೆ."

ನನಗೆ ಆ ಗೂಡಂಗಡಿ ನೆನಪಾಯಿತು. "ಹಂಗಾದ್ರೆ ಮಿಕ್ಕಿದ್ದ ಪುಸ್ತಕಗಳೂ...?"

"ಸಾಯೋವು ಮಾತ್ರ ಹರಿತಿದ್ದೆ" ಅಂದಳು ಚಿಕ್ಕಮ್ಮ. "ಬದುಕೋವು ಬಿಡ್ತಿದ್ದೆ." ಹೇಳಿ ನಕ್ಕಳು, ನಕ್ಕಿದ್ದಕ್ಕೆ ಉಸಿರು ಹತ್ತಿ ಎದೆ ಹಿಡಿದುಕೊಂಡು ಕೂತಳು. ನಾನು ನೀರು ತಂದುಕೊಟ್ಟೆ. ಇಡೀ ತಾಲ್ಲೂಕಿಗೆ ಗೂಢಚಾರ ಎನಿಸಿಕೊಂಡಿದ್ದ ಮನುಷ್ಯನ ಮನೆಯಲ್ಲಿ ನಿಜವಾದ ಗೂಢಚಾರಿಣಿ ಒಲೆಯ ಮುಂದೆ ಕೂತಿದ್ದಳು, ಮತ್ತು ನಮ್ಮಲ್ಲಿ ಒಬ್ಬರಿಗೂ ಅದರ ವಾಸನೆ ಬಡಿದಿರಲಿಲ್ಲ. ನನಗೆ ಅವರಿಬ್ಬರ ಮೇಲೂ ಹೇಳಲಾರದಷ್ಟು ಪ್ರೀತಿ ಬಂತು.

ಉಳಿದ ಸಿನಿಮಾವನ್ನು ಮನೆಗೆ ಬಂದು ನಾನೊಬ್ಬನೇ ನೋಡಿದೆ. ಪುಸ್ತಕದಲ್ಲಿದ್ದ ಹಾಗೆಯೇ ಇತ್ತು. ಛತ್ರಿ ಹಳಿಯ ಪಕ್ಕದಲ್ಲಿ ಬಿದ್ದಿತ್ತು.

ಆಪರೇಷನ್ನಿನ ದಿನ ದಾವಣಗೆರೆಯಲ್ಲಿ ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಚಿಕ್ಕಪ್ಪ ಕಂಬಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಬಾಗಿಲನ್ನೇ ನೋಡುತ್ತಿದ್ದ.

"ನಿಜ ಹೇಳ್ಲೇ. ಆ ಸಿನಿಮಾ ಆಮೇಲೆ ನೀನು ನೋಡಿದ್ಯಾ?"

"ನೋಡಿದೆ."

"ಏನಾತು?"

ನಾನು ಕಣ್ಣು ತಪ್ಪಿಸಲಿಲ್ಲ. ಆತ ಕಣ್ಣನ್ನೇ ನೋಡುತ್ತಾನೆಂದು ನನಗೆ ಗೊತ್ತಿತ್ತಲ್ಲ. "ದಾಟಿದ್ಲು" ಅಂದೆ. ಚಿಕ್ಕಪ್ಪ ನನ್ನನ್ನು ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ, ಮತ್ತೆ ಬಾಗಿಲ ಕಡೆಗೆ ತಿರುಗಿದ. ನಂಬಿದನೋ ಇಲ್ಲವೋ ದೇವರೇ ಬಲ್ಲ.

ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು. ಆತನ ಮುಖ ನೋಡಲಾಗದೆ, "ಹೊಳಲ್ಕೆರೆ ಕಡೆ ಕೊನೇ ಬಸ್ಸಿಗೆ ಹೊತ್ತಾತು ಚಿಕ್ಕಪ್ಪ. ಕುರಿ ಪಕ್ಕದ ಮನೆಯವ್ರ ಮೇಲೆ ಬಿಟ್ಟು ಬಂದೀಯ. ನೀನು ಹೋಗು, ನಾನಿರ್ತೀನಿ. ಹೊರಗೆ ಬಂದ ತಕ್ಷಣ ಫೋನು ಮಾಡ್ತೀನಿ" ಅಂದೆ.

"ಬಸ್ ಹೋದ್ರೆ ಹೋಗ್ಲಿ" ಅಂದ ಚಿಕ್ಕಪ್ಪ. "ಇದನ್ನ ಪೂರ್ತಿ ನೋಡ್ಕಂಡೇ ಏಳೋದು."

ಇನ್ನೂ ಎಷ್ಟು ಹೊತ್ತು ಕೂತಿದ್ದೆವೋ ನೆನಪಿಲ್ಲ. ಬಾಗಿಲು ತೆರೆದು, ಹಸಿರು ಟೋಪಿಯ ನರ್ಸಮ್ಮ ಒಬ್ಬಳು ಹೊರಗೆ ಬಂದು ಚಿಕ್ಕಮ್ಮನ ಹೆಸರು ಹಿಡಿದು ಕೂಗಿದಳು. ಚಿಕ್ಕಪ್ಪ ಎದ್ದು ನಿಂತ. ಕಂಬಳಿ ಕೆಳಗೆ ಬಿತ್ತು.

"ದಾಟಿದ್ಲೇನವ್ವಾ?" ಅಂದ.

ನರ್ಸಮ್ಮ ಆತನ ಮುಖ ನೋಡಿದಳು. "ದಾಟಿದ್ರಜ್ಜ" ಅಂದಳು. ಚಿಕ್ಕಪ್ಪ ಮತ್ತೆ ಬೆಂಚಿನ ಮೇಲೆ ಕೂತು, ಬಿದ್ದಿದ್ದ ಕಂಬಳಿಯನ್ನು ಎತ್ತಿಕೊಂಡು, ಅದರಲ್ಲಿ ಮುಖ ಮುಚ್ಚಿಕೊಂಡ.